ಹದಿನೇಳನೇ ಕ್ಯಾಸೆಟ್ಟು

ಕಾಪು ಠಾಣೆಯ ಕಪಾಟಿನ ಹಿಂದೆ ಗೆದ್ದಲು ಹತ್ತಿತ್ತು. ಕಾನ್‌ಸ್ಟೆಬಲ್ ಅಕ್ಷಿತಾ ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗೋಡೆ ಒರೆಸುತ್ತಿದ್ದಳು. 2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 9.20ಕ್ಕೆ ಬೆನೆಡಿಕ್ಟಾ ಟೀಚರ್ ದೂರು ಹಿಡಿದು ಒಳಗೆ ಬಂದರು.

ಅವರ ಅಣ್ಣ ಪೀಟರ್ ಕಾಪು ಪೇಟೆಯಲ್ಲಿ ಟೈಪಿಂಗ್ ಶಾಲೆ ನಡೆಸಿದವರು. 1985ರಲ್ಲಿ ಬಹರೈನ್‌ನಿಂದ ಒಂದು ಸಣ್ಣ ಕಂಪ್ಯೂಟರ್ ತಂದಿದ್ದರು. ಅದನ್ನು ಟಿ.ವಿ.ಗೆ ಜೋಡಿಸಬೇಕು, ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ತುಂಬಿಸಬೇಕು. ಪೀಟರ್ ತೀರಿಕೊಂಡ ಮೇಲೆ ಶಾಲೆ ಮುಚ್ಚಿತು. ಯಂತ್ರವನ್ನು ಬರುವ ಶನಿವಾರ ಮಣಿಪಾಲದ ಸಂಗ್ರಾಹಕರೊಬ್ಬರಿಗೆ ಒಪ್ಪಿಸಬೇಕಿತ್ತು. ಈಗ ಅದು ಜಾಗದಲ್ಲಿಲ್ಲ.

ಪಿ.ಎಸ್.ಐ. ರೋಶನ್ ಎಫ್.ಐ.ಆರ್. ದಾಖಲಿಸಿ 11 ಗಂಟೆಗೆ ಸ್ಥಳ ಪಂಚನಾಮೆಗೆ ಹೊರಟರು. ಶಾಲೆಯ ಹಿಂಬಾಗಿಲಿನ ಚಿಲಕದ ಸ್ಕ್ರೂಗಳನ್ನು ಕಳ್ಳ ಬಿಚ್ಚಿದ್ದ. ಹೋಗುವಾಗ ಎಣ್ಣೆ ಹಾಕಿ ಪುನಃ ಕೂರಿಸಿದ್ದ.

"ಇದೆಂಥ ಕಳ್ಳ ಮಾರಾಯ್ರೆ! ರಿಪೇರಿ ಮಾಡಿ ಹೋಗಿದ್ದಾನೆ," ಎಂದರು ರೋಶನ್.

ಮಧ್ಯಾಹ್ನವೆಲ್ಲ ಉಡುಪಿ ಬನ್ನಂಜೆಯ ಗುಜರಿ ಅಂಗಡಿಗಳನ್ನು ಜಾಲಾಡಿದ್ದೇ ಬಂತು. ಶಾಲೆಗೆ ಮರಳಿದಾಗ, ಕೇಳದೆ ಮಾತಾಡದ ಅಕ್ಷಿತಾ ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ಸಾಹೇಬರ ಮುಂದೆ ತಂದಿಟ್ಟಳು. ಇಪ್ಪತ್ತು ಖಾನೆಗಳಲ್ಲಿ ಒಂದೇ ಖಾಲಿ. ಮುಚ್ಚಳದ ಮೇಲಿನ ಪಟ್ಟಿಯಲ್ಲಿ ಆ ಖಾನೆಯ ಬಗ್ಗೆ ಪೀಟರರ ಕೈಬರಹವಿತ್ತು: 17, ಕನ್ನಡ ಅಕ್ಷರ, ಕರುಣಾಕರ.

"ಈ ಕರುಣಾಕರ ಯಾರು, ಟೀಚರ್?" ರೋಶನ್ ಅಲ್ಲೇ ಇದ್ದ ಬೆನೆಡಿಕ್ಟಾರನ್ನು ಕೇಳಿದರು.

"ಅಣ್ಣನ ಶಿಷ್ಯ. ಕಾರ್ಕಳದವ. ಈಗ ಮಲ್ಪೆಯ ಮೀನಂಗಡಿಗಳಲ್ಲಿ ಬಿಲ್ ಮೆಷಿನ್ ರಿಪೇರಿ ಮಾಡ್ತಾನೆ."

"ಇತ್ತೀಚೆಗೆ ಬಂದದ್ದುಂಟಾ?"

"ಎರಡು ಸಲ. ಒಂದೇ ದಿನಕ್ಕೆ ಕಂಪ್ಯೂಟರ್ ಕೊಡಿ ಅಂದ. ಕರೆಂಟ್ ಕೊಡಲೇಬಾರದು, ಸುಟ್ಟುಹೋದೀತು ಅಂತ ಮಣಿಪಾಲದವರು ಹೇಳಿದ್ದರು. ಗಾಜಿನೊಳಗೆ ಇಡುವ ವಸ್ತು ಅಲ್ವಾ? ಆಗುವುದಿಲ್ಲ ಅಂದೆ."

"ದೂರಿನಲ್ಲಿ ಯಾಕೆ ಬರೆಯಲಿಲ್ಲ?"

"ಅವ ಕದಿಯುವವನಲ್ಲ ಸರ್."

ಮರುದಿನ 10.15ಕ್ಕೆ ಜೀಪು ಇಬ್ಬರು ಪಂಚ ಸಾಕ್ಷಿಗಳ ಸಮೇತ ಕಾರ್ಕಳ ತಲುಪಿತು. ಕರುಣಾಕರನ ಹೆಂಡತಿ ರತ್ನಾವತಿ, ಗಂಡ ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲವೆಂದು ಹೇಳಿ ಹಿಂದಿನ ಕೋಣೆ ತೋರಿಸಿದಳು.

ಅಲ್ಲಿ ಹಳೆಯ ಟಿ.ವಿ.ಯ ಎದುರು ಆ ಕಂಪ್ಯೂಟರು ಜೀವ ಬಂದು ಕೂತಿತ್ತು. ಅದರ ಮುಂದೆ ಕರುಣಾಕರ. ಪಕ್ಕದಲ್ಲಿ ಮೀನಂಗಡಿಯ ಅಂಗೈಯಗಲದ ಬಿಲ್ ಪ್ರಿಂಟರು. ಇದರ ಮಾತು ಅದಕ್ಕೆ ತಿಳಿಯದು. ನಡುವೆ ದುಭಾಷಿಯಂತೆ ಬೆರಳಗಲದ ಒಂದು ಅಗ್ಗದ ಬೋರ್ಡು, ನಾಲ್ಕು ತಂತಿ. ಪ್ರಿಂಟರಿನಿಂದ ಕಾಗದ ಮೆಲ್ಲಗೆ ಇಳಿದು ನೆಲದಲ್ಲಿ ಸುರುಳಿಯಾಗುತ್ತಿತ್ತು. ಅಕ್ಷಿತಾ ಬಗ್ಗಿ ನೋಡಿದಳು. ಅ, ಆ, ಇ. ಎಂಟೆಂಟು ಚುಕ್ಕಿಗಳ ಚೌಕದಲ್ಲಿ ಅಷ್ಟು ದುಂಡಗಿನ ಕನ್ನಡವನ್ನು ಅವಳು ಎಲ್ಲೂ ಕಂಡಿರಲಿಲ್ಲ.

"ಕದ್ದದ್ದು ನೀವಾ?" ಎಂದರು ರೋಶನ್.

"ಹೌದು ಸರ್. ಶನಿವಾರದೊಳಗೆ ಅದೇ ಸ್ಕ್ರೂ ಬಿಚ್ಚಿ ಒಳಗಿಡುವವನಿದ್ದೆ."

"ಯಾಕೆ ಬೇಕಿತ್ತು?"

ಕರುಣಾಕರ ಅಡಗಿಸದೆ ಹೇಳಿದ. ಹತ್ತೊಂಬತ್ತರ ವಯಸ್ಸಿನಲ್ಲಿ, ಚೌಕಳಿ ಪುಸ್ತಕದಲ್ಲಿ ಚುಕ್ಕಿಯಿಟ್ಟು, ಒಂದು ಮಳೆಗಾಲವಿಡೀ ಕೂತು ಮಾಡಿದ ಅಕ್ಷರಗಳು ಅವು. ಆಗ ಪ್ರಿಂಟರ್ ಕೊಳ್ಳುವ ಶಕ್ತಿ ಪೀಟರ್ ಸರ್‌ಗೂ ಇರಲಿಲ್ಲ. ಟಿ.ವಿ. ಆರಿಸಿದರೆ ಅಕ್ಷರವೂ ಇಲ್ಲ. ಈಗ ರಿಪೇರಿಗೆ ಬಂದ ಮೀನಿನ ಬಿಲ್ಲಿನ ಯಂತ್ರವೇ ಸಾಕೆಂದು ಹೊಳೆದಾಗ, ಕಂಪ್ಯೂಟರು ಗಾಜಿನೊಳಗೆ ಹೋಗುವುದರಲ್ಲಿತ್ತು. ಎರಡು ದಿನ ಹೆಣಗಿ, ಇವತ್ತು ಬೆಳಿಗ್ಗೆ ಕ್ಯಾಸೆಟ್ಟು ಪೂರ್ತಿ ಓಡಿತು. ಓಡಿದ್ದೇ ಟೇಪು ತುಂಡಾಯಿತು. ಇನ್ನು ಅಕ್ಷರಗಳಿರುವುದು ಯಂತ್ರದ ನೆನಪಿನಲ್ಲಿ ಮಾತ್ರ, ಅದೂ ಕರೆಂಟ್ ಇರುವಷ್ಟು ಹೊತ್ತು.

10.50ಕ್ಕೆ ದಸ್ತಗಿರಿ ಎಂದು ನಮೂದಾಯಿತು. ಅಕ್ಷಿತಾ ಜಪ್ತಿ ಪಟ್ಟಿ ಬರೆಯತೊಡಗಿದಳು. ರೋಶನ್ ಸ್ವಿಚ್ಚಿನ ಮೇಲೆ ಕೈಯಿಟ್ಟರು. ಕಾಗದದಲ್ಲಿ ಆಗ 'ಮ' ಮೂಡುತ್ತಿತ್ತು.

"ಆಫ್ ಮಾಡಬೇಡಿ ಸರ್," ಎಂದ ಕರುಣಾಕರ. "'ಳ' ಬರುವವರೆಗೆ."

ರೋಶನ್ ಸ್ವಿಚ್ಚಿನಿಂದ ಕೈ ತೆಗೆದರು. ಅಕ್ಷಿತಾ ಬರೆಯುವುದನ್ನು ನಿಲ್ಲಿಸಿದಳು.