ಏಳು ದಿನದ ಮದ್ದು

"ಈ ಮನೆಗೆ ನೀವು ಬರಬಾರದಿತ್ತು."

ಡಾಕ್ಟರ್ ನಿಸಾರ್ ಬಾಗಿಲಲ್ಲೇ ನಿಂತ. ಮನೆಮನೆಗೆ ಹೋಗಿ ನೋವು ಶಮನ ಮಾಡುವ ಪಾಲಿಯೇಟಿವ್ ಘಟಕದ ಜೀಪು ಹೊಸಂಗಡಿಯ ರಸ್ತೆ ಬದಿಯಲ್ಲಿ ಕಾಯುತ್ತಿತ್ತು.

ಬಾಗಿಲಿಗೆ ಅಡ್ಡ ನಿಂತಿದ್ದ ಜಸೀಲಾ ಕದಲಲಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಡ ರಾಶಿದ್ ಹೊಟ್ಟೆಯ ಕ್ಯಾನ್ಸರಿನಿಂದ ನರಳುತ್ತಿದ್ದಾಗ, ನೋವು ತಡೆಯುವ ಹೊಸ ಚುಚ್ಚುಮದ್ದಿನ ಪ್ರಯೋಗಕ್ಕೆಂದು ಹೆಸರು ಬರೆದುಕೊಂಡವನು ಇವನೇ. ಮರುವಾರ ಫೋನಿನಲ್ಲಿ, "ಅವರ ಹೆಸರು ಪಟ್ಟಿಯಲ್ಲಿಲ್ಲ" ಎಂದವನೂ ಇವನೇ. ಕಾರಣ ಹೇಳಲಿಲ್ಲ. ಆಮೇಲೆ ರಾಶಿದ್ ಬದುಕಿದ್ದು ಹತ್ತೊಂಬತ್ತು ದಿನ. ಅಷ್ಟೂ ದಿನ ನೋವು...

ಈಗ ಒಳಗೆ ಮಲಗಿದ್ದವರು ಅತ್ತೆ ನಬೀಸುಮ್ಮ, ಎಲ್ಲರ ಬಾಯಲ್ಲೂ ಉಮ್ಮ, ಅಂದರೆ ಅಮ್ಮ. ಅವರಿಗೂ ಕ್ಯಾನ್ಸರ್, ಬೆನ್ನುಮೂಳೆಗೆ ಇಳಿದಿತ್ತು.

"ಮದ್ದನ್ನು ಕೂದಲಿಗಿಂತ ಸಾವಿರ ಪಾಲು ಸಣ್ಣ ಕಣಗಳಲ್ಲಿ ತುಂಬಿರ್ತೇವೆ," ಎಂದ ನಿಸಾರ್. "ಚುಚ್ಚಿದ ಮೇಲೆ ಸ್ವಲ್ಪ ಸ್ವಲ್ಪವೇ ಕರಗ್ತದೆ. ಏಳು ದಿನ ಆರಾಮ ಸಿಗಬಹುದು. ಉಮ್ಮನ ಹೆಬ್ಬೆಟ್ಟು, ಜೊತೆಗೆ ಮನೆಯವರೊಬ್ಬರ ಸಹಿ ಬೇಕು."

"ನನ್ನ ಸಹಿ ಸಿಗುವುದಿಲ್ಲ."

ಒಳಗಿನಿಂದ ನಬೀಸುಮ್ಮನ ದನಿ ಬಂತು. "ಮೋಳೆ, ಮಗಳೇ, ನೋವು ಯಾರಿಗೆ? ನಿನಗೋ, ನನಗೋ?"

ಜಸೀಲಾ ಒಳಗೆ ಓಡಿದಳು. "ಉಮ್ಮಾ, ನಿಮ್ಮ ಮಗನನ್ನು ಪಟ್ಟಿಯಿಂದ ಯಾಕೆ ಬಿಟ್ಟರು ಅಂತ ಮೊದಲು ಹೇಳಲಿ ಇವರು."

ಹಿಂದೆಯೇ ಬಂದ ನಿಸಾರ್ ಗೋಡೆ ನೋಡುತ್ತ ನಿಂತ.

"ಅವನು ಎಂತ ಹೇಳ್ತಾನೆ? ಹೇಳುವುದಿಲ್ಲ ಅಂತ ರಾಶಿದ್‌ಗೆ ಮಾತು ಕೊಟ್ಟಿದ್ದಾನೆ." ನಬೀಸುಮ್ಮ ಹಲ್ಲು ಕಚ್ಚಿ ಮಗ್ಗುಲಾದರು. "ಬೇಡ ಅಂದದ್ದು ರಾಶಿದ್. ನನ್ನ ಎದುರಲ್ಲೇ."

"ಯಾಕೆ?"

"ನಾಲ್ಕು ಗಂಟೆಗೊಮ್ಮೆ ಮಾತ್ರೆ ಕೊಡ್ಲಿಕ್ಕೆ ಜಸೀಲಾ ಬರ್ತಾಳೆ, ಏಳು ದಿನಕ್ಕೊಂದು ಸೂಜಿ ಆದ್ರೆ ಬರ್ತಾಳಾ, ಅಂತ ಕೇಳಿದ."

ಜಸೀಲಾ ಮಂಚದ ಅಂಚಿನಲ್ಲಿ ಕೂತಳು.

ಹೌದು... ಮಾತ್ರೆ ಕೊಟ್ಟು, ಅದು ಹಿಡಿಯುವವರೆಗೆ ಕೈ ಹಿಡಿದು ಕೂರುತ್ತಿದ್ದಳು. ನರಳಾಟ ನಿಂತದ್ದೇ ಅಡುಗೆಮನೆ ಸೇರುತ್ತಿದ್ದಳು. ಕರಗುತ್ತಿದ್ದ ಆ ಮುಖ ನೋಡುವ ಧೈರ್ಯ ಇರಲಿಲ್ಲ. ನೋವಿದ್ದಾಗ ಮಾತ್ರ ಅವಳು ಅವನ ಬಳಿ ಇದ್ದಳು. ಅದು ಅವನಿಗೆ ಗೊತ್ತಿತ್ತು.

"ನನಗೆ ಯಾಕೆ ಹೇಳಲಿಲ್ಲ ಉಮ್ಮಾ?"

"ಬೈಯಲಿಕ್ಕೆ ನಿನಗೆ ಒಬ್ಬರು ಬೇಕಿತ್ತು. ಈಗ ಸಹಿ ಹಾಕು. ನನಗೆ ತಡೀಲಿಕ್ಕೆ ಆಗುವುದಿಲ್ಲ."

ಜಸೀಲಾ ಸಹಿ ಹಾಕಿದಳು.

ನಬೀಸುಮ್ಮ ಮತ್ತೆ ಎಂಟು ವಾರ ಬದುಕಿದರು. ನೋವು ಪೂರ್ತಿ ಹೋಗಲಿಲ್ಲ, ನಿದ್ದೆ ಮಾತ್ರ ಬಂತು. ಜಸೀಲಾ ಅವರ ಮಂಚ ಬಿಟ್ಟು ಏಳಲಿಲ್ಲ. ನಿಸಾರ್ ಸೂಜಿ ಚುಚ್ಚಲು ಬಂದಾಗಲೆಲ್ಲ ನಬೀಸುಮ್ಮ ಅವನನ್ನು ಕೆಣಕುತ್ತಿದ್ದರು. "ಮದುವೆ ಆಗಲಿಲ್ಲವಾ ಮಾರಾಯ? ಸೂಜಿ ಹಿಡಿಯಲಿಕ್ಕೆ ಮಾತ್ರವಾ ಗೊತ್ತಿರುವುದು?"

ಅವರು ತೀರಿ ನಲವತ್ತು ದಿನ ಕಳೆದ ಮೇಲೆ ನಿಸಾರ್ ಬಂದ. ಜಸೀಲಾ ಜಗಲಿಯಲ್ಲಿದ್ದಳು.

"ಈ ಮನೆಯಲ್ಲಿ ಮದ್ದು ಬೇಕಾದವರು ಯಾರೂ ಉಳಿದಿಲ್ಲ ಡಾಕ್ಟ್ರೇ."

"ಗೊತ್ತುಂಟು. ನಿಮ್ಮನ್ನು ನೋಡ್ಲಿಕ್ಕೆ ಬಂದೆ."

"ಎರಡು ವರ್ಷ ನಿಮಗೆ ಶಾಪ ಹಾಕಿದ್ದೇನೆ. ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ರೆ ಆ ಶಾಪ ನಿಮಗೆ ನೀವೇ ಹಾಕಿಕೊಳ್ತಿದ್ರಿ. ನನಗೇ ಇರಲಿ ಅಂತ..."

"ಯಾಕೆ?"

"ಅವತ್ತು ಫೋನಿನಲ್ಲಿ ನೀವು ಅತ್ತದ್ದು ಇನ್ನೂ ಕಿವಿಯಿಂದ ಹೋಗಲಿಲ್ಲ ಜಸೀಲಾ. ಮೊದಲು ಅದು ಪಾಪಪ್ರಜ್ಞೆ ಅಂತ ಅಂದುಕೊಂಡಿದ್ದೆ. ಅಲ್ಲ."

"ನನ್ನ ಒಳಗೆ ಈಗ ಎಂತದೂ ಇಲ್ಲ. ಅಳು ಸಹ ಬರುವುದಿಲ್ಲ."

"ಬರುವವರೆಗೆ ಇರ್ತೇನೆ."

"ತುಂಬ ದಿನ ಹಿಡೀಬಹುದು."

"ಹಿಡೀಲಿ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಟ್ಟಳು.

"ಊಟ ಆಯ್ತಾ ನಿಸಾರ್?"

"ಇಲ್ಲ."

"ಹಾಗಾದ್ರೆ ಕೂತ್ಕೊಳ್ಳಿ. ನನ್ನದೂ ಆಗಲಿಲ್ಲ."