ಕಾಗದದ ಕೆಳಗಿನ ಊರು

ಮರೆಯನ್ನು ಸರಿಸಿ ನಿಜವನ್ನು ಬೆಳಗುವ ಪರಂಜ್ಯೋತಿಗೆ ಕೈಮುಗಿದು ಕಥೆಗೆ ತೊಡಗೋಣ.

ಕೊಲಾಜ್ ಮಾಯವಾಗಿತ್ತು. ಸಂಜೆಗೆ ಪ್ರದರ್ಶನ, ಬೆಳಿಗ್ಗೆ ಸ್ಟುಡಿಯೋದ ಗೋಡೆ ಬರಿದು. ಈ ಪರದೇಶದ ನಗರದಲ್ಲಿ ಪದರಪದರವಾಗಿ ಸುಲಿಯುತ್ತಿದ್ದ ಗೋಡೆಯ ಪೋಸ್ಟರುಗಳಿಗೆ ಮನಸೋತು, ಆ ಚೂರುಗಳನ್ನೂ ಹಳೆಯ ಟ್ರಾಮ್ ಟಿಕೆಟುಗಳನ್ನೂ ಆಯ್ದು ಅಂಟಿಸಿ, ಆಳೆತ್ತರದ ಹಲಗೆಯ ಮೇಲೆ ಕಲಾವಿದೆ ಒಂದು ಊರನ್ನೇ ಕಟ್ಟಿದ್ದಳು. ಸಂಜೆಯೊಳಗೆ ಅದು ಸಿಗದಿದ್ದರೆ ಪ್ರದರ್ಶನದಲ್ಲಿ ಅವಳ ಜಾಗ ಮತ್ತೊಬ್ಬರ ಪಾಲು.

ಕೋಪ ನೆತ್ತಿಗೇರಿತು. ಅಕ್ಕನ ಗಂಡನಿಗೆ ಫೋನ್ ಮಾಡಿದಳು.

"ಭಾವ, ನಿನ್ನೆ ಊಟದ ಡಬ್ಬಿ ಕೊಡೋಕೆ ಬಂದಿದ್ರಲ್ಲ, ನನ್ನ ಹಲಗೆ ಏನ್ಮಾಡಿದ್ರಿ?"

"ಆ ಕಸದ ರಾಶಿನಾ? ನನ್ನ ಸೊಂಟಕ್ಕೆ ಡಬ್ಬಿನೇ ಭಾರ ಕಣಮ್ಮ!"

"ಕಸ ಅನ್ಬೇಡಿ, ಮೈ ಉರಿಯುತ್ತೆ!"

*

ಸ್ಟುಡಿಯೋ ಕಟ್ಟಡದ ಕಾವಲುಗಾರ ಅಡ್ಡಡ್ಡ ತಲೆಯಾಡಿಸಿದ. "ನಿಮ್ಮ ಭಾವ ಬರಿಗೈಲಿ ಹೋದ್ರಮ್ಮ. ಇರೋದು ಇದೊಂದೇ ಬಾಗಿಲು. ಅಷ್ಟು ದೊಡ್ಡದು ಹೊರಗೆ ಹೋಗಿಲ್ಲ."

ಹಾಗಾದರೆ ಒಳಗೇ ಇದೆ.

*

ಪಕ್ಕದ ಕೋಣೆಯಲ್ಲಿ ಅವಳ ನಾಡಿನವನೇ ಆದ ಹಿರಿಯ ಕಲಾವಿದ, ಎಲ್ಲರ ಬಾಯಲ್ಲಿ 'ಗಡ್ಡದಣ್ಣ'. ಅವನೆದುರು ವೃತ್ತಪತ್ರಿಕೆಗಳ ದೊಡ್ಡ ಕೊಲಾಜ್.

"ಛೆ, ಪಾಪ! ಚಿಂತೆ ಬಿಡು, ಪ್ರದರ್ಶನದಲ್ಲಿ ನಿನ್ನ ಗೋಡೆ ಖಾಲಿ ಉಳಿಯಲ್ಲ," ಅವಳು ವಿಷಯ ಹೇಳುತ್ತಲೇ ಅವನೆಂದ.

"ಇದು ಯಾವಾಗ ಮಾಡಿದ್ರಿ ಅಣ್ಣ?"

"ತಿಂಗಳಾಯ್ತು."

ಮುಟ್ಟಿದಳು. ಇನ್ನೂ ಹಸಿ. ಕಿಟಕಿಯ ಓರೆ ಬೆಳಕಿನಲ್ಲಿ ಕಾಗದದ ಮೇಲೆ ಮೆಟ್ಟಿಲಿನಂಥ ಉಬ್ಬು. ಟ್ರಾಮ್ ಟಿಕೆಟುಗಳನ್ನು ಪೇರಿಸಿ ಅವಳು ಕಟ್ಟಿದ್ದ ಮೆಟ್ಟಿಲೇ! ಸ್ಪಂಜನ್ನು ಬಕೆಟ್ಟಿಗೆ ಅದ್ದಿದಳು.

"ಏಯ್, ನೀರು ತಾಗಿಸ್ಬೇಡ!"

"ಯಾಕೆ? ಒಳಗೆ ಏನಿದೆ?"

ಉಜ್ಜಿದಳು. ಪತ್ರಿಕೆಗಳು ಜಾರಿಬಿದ್ದವು. ಕೆಳಗೆ ಅವಳ ಊರು ಸ್ವಲ್ಪವೂ ನೆನೆಯದೆ ಹೊಳೆಯಿತು.

"ನಿಂಗೆ ಬಾಗಿಲು ದಾಟಿಸೋಕೆ ಆಗ್ಲಿಲ್ಲ, ಅದಕ್ಕೇ ನಿನ್ನ ಪತ್ರಿಕೆ ಕೆಳಗೆ ಹೂತುಬಿಟ್ಟೆ," ಅವಳ ಬಾಯಲ್ಲಿ ಬಹುವಚನ ಉಳಿಯಲಿಲ್ಲ. "ನಾನು ಪದರಪದರಕ್ಕೂ ವಾರ್ನಿಷ್ ಬಳೀತೀನಿ, ನೀರು ಇಳಿಯಲ್ಲ. ನೀನು ಆತುರಕ್ಕೆ ಹಿಟ್ಟಿನ ಅಂಟು ಮೆತ್ತಿದೆ!"

"ವರ್ಷಗಳಿಂದ ಇಲ್ಲಿದ್ದೀನಿ ಕಣೆ. ನಂಗೊಂದು ಗೋಡೆ ಸಿಗ್ಲಿಲ್ಲ."

"ಕೇಳಿದ್ದಿದ್ರೆ ಅರ್ಧ ಬಿಟ್ಟುಕೊಡ್ತಿದ್ದೆ. ಈಗ ಹಿಡಿ ಆ ಕಡೆ! ಕದ್ದವನೇ ಹೊರು."

ಮೂಲೆಯಲ್ಲಿ ಅವನ ಪತ್ರಿಕೆಯ ಒಂದು ಚೂರು ಅಂಟಿಕೊಂಡೇ ಇತ್ತು. ಅವಳು ಕೆರೆಯಲಿಲ್ಲ.

"ಅದು ಇರ್ಲಿ. ಸಂಜೆ ನೋಡೋಕೆ ಬಂದವರು ಈ ಚೂರು ಯಾರದು ಅಂತ ಕೇಳ್ತಾರೆ. ಪಕ್ಕದಲ್ಲೇ ನಿಂತು ನೀನೇ ಉತ್ತರ ಹೇಳು."

ಕಾವಲುಗಾರನ ಕಣ್ಣೆದುರೇ ಹಲಗೆ ಬಾಗಿಲು ದಾಟಿತು.

ಈ ಕಥೆಯನ್ನು ಕೇಳಿದವರೆಲ್ಲರ ದುಡಿಮೆಯನ್ನು ಆ ಬೆಳಕು ಕಾಯಲಿ. ಯಾರು ಹೂತಿಟ್ಟರೂ ಆ ದುಡಿಮೆ ನೆನೆಯದೆ ಮೇಲೇಳಲಿ. ಸರ್ವರಿಗೂ ಮಂಗಳವಾಗಲಿ.