ಮೈಗೆ ಹತ್ತುವ ತನಕ

ಲ್ಯಾಬಿನಲ್ಲಿ ಇಪ್ಪತ್ತೊಂದು ದಿನ ಸಾಕಿದ ನನ್ನ ಜೀವಕೋಶದ ಪ್ಲೇಟುಗಳನ್ನು ಅವನು ಕಸದ ಡಬ್ಬಿಗೆ ಹಾಕಿದ್ದ. ಹಾಕಿ, ಬೆಂಚು ಒರೆಸಿ, ನನ್ನ ಕಡೆ ನೋಡಿ ನಕ್ಕ ಬೇರೆ.

"ಕ್ಲೀನ್ ಮಾಡಿಟ್ಟಿದೀನಿ. ಟೆಸ್ಟ್ ಮುಗೀತಲ್ಲ?"

"ಮುಗೀತು ಅಂತ ಯಾರು ಹೇಳಿದ್ದು?"

"ನೀವೇ ಬರೆದಿದೀರಲ್ಲ, ‘ಗೋಡೆ ಬಿಟ್ಟಿತು, ಔಷಧಿ ದಾಟಿತು’ ಅಂತ. ಮೇಡಂಗೂ ಹೇಳ್ಬಿಟ್ಟೆ."

ನನ್ನ ಮೈಯೆಲ್ಲ ಉರಿಯಿತು. ಕರುಳಿನ ಜೀವಕೋಶಗಳನ್ನು ತೆಳು ಪರದೆಯ ಮೇಲೆ ಬಿತ್ತಿ, ಅವು ಒಂದಕ್ಕೊಂದು ಅಂಟಿ ಗೋಡೆಯಾಗುವ ತನಕ ದಿನ ಬಿಟ್ಟು ದಿನ ಊಟ ಕೊಟ್ಟು ಕಾಯುವುದು ನನ್ನ ಕೆಲಸ. ಆ ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲಿಸುವ ಪುಡಿ ಮಾಡುವುದು ಅವನ ಕೆಲಸ. ಇಷ್ಟು ದಿನ ಸೂಜಿಯಲ್ಲಿ ಮಾತ್ರ ಕೊಡುತ್ತಿದ್ದ ಔಷಧಿ, ಆ ಪುಡಿಯ ಜೊತೆ ಮಾತ್ರೆಯಾಗಿ ನುಂಗಿದರೂ ರಕ್ತ ಸೇರಬೇಕು. ಲ್ಯಾಬಿನಲ್ಲಿ ಎಲ್ಲರಿಗೂ ಅವನು ಪುಡಿ ಮಾಸ್ತರು.

"ಬಾಗಿಲು ತೆಗೆಯೋದು ಕಳ್ಳನಿಗೂ ಬರುತ್ತೆ ಮಾಸ್ತರೇ. ಅದು ವಾಪಸ್ ಮುಚ್ಕೊಳ್ಳುತ್ತಾ ಅಂತ ನಾಳೆ ನೋಡ್ಬೇಕಿತ್ತು. ಮುಚ್ಕೊಳ್ಳದಿದ್ರೆ ಔಷಧಿ ಹಿಂದೇನೇ ಹೊಟ್ಟೇಲಿರೋ ಕೊಳೆಯೆಲ್ಲ ರಕ್ತಕ್ಕಿಳಿಯುತ್ತೆ!"

ಅವನ ಮುಖ ಬಿಳಿಚಿಕೊಂಡಿತು. ನಾನು ಆ ಕಣ್ಣುಗಳಿಗೆ ಮರುಳಾಗಿ ಎರಡು ವರ್ಷವಾಗಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಬೈದು ಬಿಡುತ್ತಿದ್ದೆ.

"ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆಗೆ ಹಾಕ್ಕೊಂಡ್ರೆ ಸಾಕಾ? ಮೈಗೆ ಹತ್ತಬೇಕಲ್ಲ! ಈ ಕೆಲಸದಲ್ಲಿದ್ದೂ ಅಷ್ಟು ಗೊತ್ತಿಲ್ವಾ?"

ಪಕ್ಕದ ಬೆಂಚಿನವರು ನಕ್ಕರು. ಅವನು ನಗಲಿಲ್ಲ.

ಮರುದಿನ ಮೀಟಿಂಗಿನಲ್ಲಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಅವನನ್ನು ಹೊಗಳತೊಡಗಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತ.

"ಗೋಡೆ ವಾಪಸ್ ಮುಚ್ಕೊಳ್ಳುತ್ತಾ ಅಂತ ಯಾರೂ ನೋಡಿಲ್ಲ ಮೇಡಂ. ನೋಡೋ ಮೊದಲೇ ನಾನು ಬಿಸಾಕ್ಬಿಟ್ಟೆ."

ಮೇಡಂ ಎಲ್ಲರೆದುರು ಅವನ ನೀರಿಳಿಸಿದರು. ನನಗೆ ಸಮಾಧಾನವಾಗಬೇಕಿತ್ತು, ಆದರೆ ಮೇಡಂ ಮೇಲೇ ಸಿಟ್ಟು ಬಂತು. ಅವನನ್ನು ಬೈಯುವ ಹಕ್ಕು ನನ್ನದಾಗಿತ್ತು.

ಹೊಸ ಪ್ಲೇಟು ಶುರು ಮಾಡಿದೆ. ಊಟ ಕೊಡುವ ದಿನಗಳಲ್ಲಿ, ರಜೆಯಿದ್ದರೂ, ನನಗಿಂತ ಮೊದಲೇ ಅವನು ಗ್ಲೌಸ್ ಹಾಕಿಕೊಂಡು ನಿಂತಿರುತ್ತಿದ್ದ.

"ಅಷ್ಟು ಜೋರಾಗಿ ಸುರೀಬೇಡಿ! ಅಂಚಿಂದ ಬಿಡಿ. ಯಾರಿಗೂ ಔಷಧಿ ಕುಡಿಸಿಯೇ ಗೊತ್ತಿಲ್ವಾ ನಿಮಗೆ?"

"ಕುಡಿಸಿ ಗೊತ್ತಿಲ್ಲ. ಚುಚ್ಚಿ ಗೊತ್ತು."

ನಾನು ಕೈ ನಿಲ್ಲಿಸಿದೆ.

"ಅಮ್ಮನಿಗೆ. ಇದೇ ಔಷಧಿ, ದಿನಾ ಬೆಳಿಗ್ಗೆ. ಹೊಟ್ಟೆ ಮೇಲೆ ಚುಚ್ಚೋಕೆ ಜಾಗ ಉಳಿದಿಲ್ಲ. ‘ನಿನ್ನ ಮಾತ್ರೆ ಯಾವಾಗೋ?’ ಅಂತ ಕೇಳ್ತಾರೆ. ಅದಕ್ಕೇ ಅವತ್ತು ಹಾಗೆ ಮೇಡಂ ಹತ್ರ ಓಡಿದ್ದು."

"ಮೊದಲೇ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ಅಯ್ಯೋ ಪಾಪ ಅಂತಿದ್ರಿ. ಅದಕ್ಕಿಂತ ನಿಮ್ಮ ಹತ್ರ ಬೈಸ್ಕೊಳ್ಳೋದೇ ವಾಸಿ."

ಮಾಸ್ಕಿನ ಮೇಲಿಂದ ಒಂದು ಓರೆನೋಟ ಬಂತು. ಮೂಗು ಬಾಯಿ ಮುಚ್ಚಿದ್ದರೂ ಅವನು ನಗುತ್ತಿದ್ದಾನೆಂದು ಕಣ್ಣಂಚು ಹೇಳುತ್ತಿತ್ತು. ನನ್ನ ಕೈಯಿಂದ ಎರಡು ಹನಿ ಹೆಚ್ಚಾಗಿ ಬಿತ್ತು.

ಇಪ್ಪತ್ತೊಂದು ದಿನ ತುಂಬಿದ ಮೇಲೆ ಪುಡಿ ಹಾಕಿದೆವು. ಗೋಡೆ ಬಿಟ್ಟಿತು. ಮರುದಿನ ಮೀಟರ್ ಇಟ್ಟೆ. ಅಂಕಿ ಏರಿದರೆ ಗೋಡೆ ಮುಚ್ಚಿದೆ ಎಂದರ್ಥ. ಏರಲಿಲ್ಲ. ಎಲ್ಲ ಪ್ಲೇಟುಗಳನ್ನೂ ನೋಡಿದೆ. ಒಂದರಲ್ಲೂ ಏರಲಿಲ್ಲ.

ಅವನು ಕಿಟಕಿಯ ಕಡೆ ತಿರುಗಿ ನಿಂತ. "ಅಮ್ಮನಿಗೆ ಇದನ್ನೇ ಕೊಟ್ಬಿಡ್ತಿದ್ದೆ ನಾನು."

ಪುಡಿಯ ಮೇಲೆ, ಮೀಟರಿನ ಮೇಲೆ, ಸರಿಯಾಗಿಯೇ ಹೇಳಿದ್ದ ನನ್ನ ಮೇಲೆ ನನಗೆ ಕೆಟ್ಟ ಕೋಪ ಬಂತು.

"ಹೀಗೆ ಮುಖ ಇಳಿಬಿಟ್ಟು ನಿಂತ್ರೆ ಗೋಡೆ ಮುಚ್ಕೊಳ್ಳುತ್ತಾ? ಪುಡಿ ಕಾಲು ಭಾಗಕ್ಕೆ ಇಳಿಸಿ ತನ್ನಿ. ನಾನು ಹೊಸ ಪ್ಲೇಟ್ ಶುರು ಮಾಡ್ತೀನಿ."

"ಇನ್ನೂ ಇಪ್ಪತ್ತೊಂದು ದಿನ ನನ್ನನ್ನ ಸಹಿಸ್ಕೋತೀರಾ?"

"ಜೀವನಪೂರ್ತಿ ಸಹಿಸ್ಕೊಳ್ಳೋಣ ಅಂತಿದ್ದೆ. ಬೇಡ ಅಂದ್ರೆ ಈಗಲೇ ಹೇಳಿ!"

ಸಿಟ್ಟಿನ ಭರದಲ್ಲಿ ಬಾಯಿಂದ ಬಿದ್ದೇ ಹೋಯಿತು. ಅವನು ನಿಧಾನವಾಗಿ ತಿರುಗಿದ. ಕಣ್ಣು ಒದ್ದೆಯಾಗಿತ್ತು. ಮಾಸ್ಕ್ ಕೆಳಗೆಳೆದು, ಅವತ್ತಿನಿಂದ ಬಾಕಿ ಉಳಿಸಿಕೊಂಡಿದ್ದ ಪ್ರಶ್ನೆ ಕೇಳಿದ.

"ಹಾಗಾದ್ರೆ ಆ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡ್ರಾ?"

"ಅವತ್ತೇ ಹಾಕ್ಕೊಂಡೆ," ಎಂದೆ, ಹೊಸ ಪ್ಲೇಟಿನ ಮುಚ್ಚಳದ ಮೇಲೆ ದಿನಾಂಕ ಬರೆಯುತ್ತ. "ಮೈಗೆ ಹತ್ತೋಕೆ ಇಷ್ಟು ದಿನ ಹಿಡೀತು."